ಕೆಳಗೆ ನೋಡುವ ಎಲೆ

ಮರ್ಫಿ ಟೌನ್,
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಆತಿಕಾ,

ನನ್ನ ಕೈಬರಹ ನೋಡಿ ನಿನಗೆ ನಗು ಬಂದಿರಬೇಕು. ನಾಗರತ್ನಾ ಟೀಚರ್ "ಯಮುನಾ, ಇದು ನೀನು ಬರೆದದ್ದಾ, ಕೋಳಿ ಕೆದಕಿದ್ದಾ" ಅಂತ ಕೇಳುತ್ತಿದ್ದರಲ್ಲ, ಇಪ್ಪತ್ತೆರಡು ವರ್ಷವಾದರೂ ಕೋಳಿ ಇನ್ನೂ ಕೆದಕುತ್ತಲೇ ಇದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಈ ವಾರ ಮೂರು ಸಲ ನಿನಗೆ ಫೋನ್ ಮಾಡಿದೆ. ಮೂರು ಸಲವೂ ನೀನು "ಹೇಳೇ" ಅಂದ ಕೂಡಲೇ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಕಾಗದಕ್ಕೆ ಊಟ ಆಯ್ತಾ ಅಂತ ಕೇಳಲಾಗುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ಕೆಲಸದ ಮಾತು. ಈ ಕವರಿನಲ್ಲಿ ಪತ್ರದ ಜೊತೆ ಕಸೂತಿಗೆ ತೂತು ಚುಚ್ಚಿದ ಒಂದು ಹಳೆಯ ಖಾಕಾ ಇದೆ, ಒಂದು ಫೋಟೊ ಇದೆ, ನಾನು ಸಹಿ ಮಾಡಿದ ಒಂದು ಹೇಳಿಕೆ ಇದೆ. ಇಪ್ಪತ್ತೆರಡನೇ ತಾರೀಖಿನೊಳಗೆ ಮೂರನ್ನೂ ನಿಮ್ಮ ಅಂಗಡಿ ಮುಚ್ಚಿದ ಆ ಆ್ಯಪ್‌ನವರಿಗೆ ಕಳಿಸು. ನಿನ್ನ ಅಮ್ಮೀ, ನನ್ನ ಖಾಲಾ, ಅವರ ಅಂಗಡಿಯನ್ನು ಅವರು ತೆರೆಯಲೇಬೇಕಾಗುತ್ತದೆ. ಇಮಾಮ್ ಬೀ ಅನ್ನುವ ಖಾಲಾ ಹೆಸರಿನ ಪಕ್ಕದಲ್ಲಿ ಹಾಕಿದ್ದಾರಲ್ಲ, 'ಕದ್ದ ವಿನ್ಯಾಸ' ಅಂತ, ಅದನ್ನೂ ಅಳಿಸಬೇಕಾಗುತ್ತದೆ. ಮುಂದಿನದನ್ನು ಓದುವ ಮುಂಚೆ ಆ ಮೂರನ್ನೂ ತೆಗೆದು ಬೀರುವಿನಲ್ಲಿಡು. ಓದಿದ ಮೇಲೆ ಕವರಿನ ಸಮೇತ ಹರಿದು ಹಾಕೋಣ ಅನ್ನಿಸಬಹುದು, ನಿನ್ನ ಕೋಪ ನನಗೆ ಗೊತ್ತು.

ಹೋದ ಸೋಮವಾರ ನೀನು ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. ಬೆಳಿಗ್ಗೆ ಎದ್ದು ಆ್ಯಪ್ ತೆರೆದರೆ ನಿಮ್ಮ ಅಂಗಡಿಯೇ ಇಲ್ಲ ಅಂದೆ. ನಾಲ್ಕು ವರ್ಷದಿಂದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಿಂದ ಶಾರ್ಜಾಕ್ಕೆ, ಬರ್ಮಿಂಗ್‌ಹ್ಯಾಮ್‌ಗೆ ದುಪಟ್ಟಾ, ಬ್ಲೌಸು ಕಳಿಸುತ್ತಿದ್ದ ಅಂಗಡಿ. ಸಿಂಗಪುರದ ಯಾವುದೋ ವಕೀಲರ ಆಫೀಸಿನಿಂದ ದೂರು ಬಂದಿದೆಯಂತೆ: ನಿಮ್ಮ ಬಳ್ಳಿಯ ವಿನ್ಯಾಸ ಬೇರೆ ಕಂಪನಿಯದು, ೨೦೧೭ರಲ್ಲೇ ನೋಂದಾಯಿಸಿದ್ದು, ನಿಮ್ಮದೇ ಅನ್ನುವುದಾದರೆ ಅದಕ್ಕಿಂತ ಹಳೆಯ ಪುರಾವೆ ಹನ್ನೆರಡು ದಿನದಲ್ಲಿ ಕೊಡಿ, ಇಲ್ಲವೇ ಅಂಗಡಿ ಕಾಯಂ ಮುಚ್ಚುತ್ತೇವೆ. ಡಿಸೆಂಬರ್ ಮದುವೆಗಳ ಆರ್ಡರ್, ಬಟ್ಟೆ ಬಿಗಿದ ಮರದ ಚೌಕಟ್ಟು ಅಡ್ಡಾದ ಮೇಲೆ, ಅರ್ಧಕ್ಕೆ ನಿಂತಿತ್ತು. ಐದು ಜನ ಹೆಂಗಸರು ಸೂಜಿ ಕೆಳಗಿಟ್ಟು ನಿನ್ನ ಮುಖ ನೋಡುತ್ತಿದ್ದರು. ನೀನು ಅಳುತ್ತಾ, "ಅಮ್ಮೀನ ಕಳ್ಳಿ ಅಂದ್ಬಿಟ್ರು ಕಣೇ. ನೀನು ಇದೇ ಲೈನಲ್ಲಿದೀಯ, ಯಾರು ಮಾಡಿದ್ದು ಅಂತ ಕಂಡ್ಹಿಡ್ದು ಹೇಳೇ" ಅಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲು ಫೋನಿನಲ್ಲಿ ನಿನಗೆ ಕಾಣುವುದಿಲ್ಲವಲ್ಲ, "ನೋಡ್ತೀನಿ ಬಿಡು" ಅಂದೆ.

ನೋಡುವುದೇನಿತ್ತು ಆತಿಕಾ? ಮಾಡಿದವಳು ನಾನೇ.

ಅವತ್ತೇ ನೀನು ಇನ್ನೊಂದು ಮಾತು ಹೇಳಿದೆ. ಅಮ್ಮೀಗೆ ಏನಾಗಿದೆಯೋ ಗೊತ್ತಿಲ್ಲ, ಜಗಳಕ್ಕೇ ಇಳಿಯುತ್ತಿಲ್ಲ, ಹಳೆಯ ಖಾಕಾ ಹುಡುಕೋಣ ಅಂದರೆ ಟ್ರಂಕಿನ ಬೀಗದಕೈ ಕೊಡುತ್ತಿಲ್ಲ, "ಅಂಗ್ಡಿ ಹೋದ್ರೆ ಹೋಗ್ಲಿ ಬಿಡು" ಅನ್ನುತ್ತಾರೆ ಅಂತ. ಖಾಲಾಗೆ ವಯಸ್ಸಾಯಿತು, ಸೋತುಹೋಗಿದ್ದಾರೆ ಅಂತ ಸಮಾಧಾನ ಹೇಳಿದೆ. ಮಾಡಿದವಳೇ ಸಮಾಧಾನ ಹೇಳಿದೆ, ನಾನು ಎಂಥ ಬುದ್ಧಿವಂತೆ ನೋಡು.

ಹೇಗೆ ಆಯಿತು ಅನ್ನುವುದನ್ನು ಕ್ರಮವಾಗಿ ಹೇಳುತ್ತೇನೆ. ನಮ್ಮಮ್ಮ ಮುನಿಲಕ್ಷ್ಮಮ್ಮ ಮಾರುಕಟ್ಟೆಯ ಬಾಗಿಲಲ್ಲಿ ಕೂತು ಹೂವು ಕಟ್ಟುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅವಳ ಬುಟ್ಟಿಗಳೆಲ್ಲ ಖಾಲಿಯಾಗುವವರೆಗೆ ನನ್ನನ್ನು ಎಲ್ಲಿ ಬಿಡುವುದು ಅನ್ನುವುದು ಅವಳ ಚಿಂತೆ. "ನಮ್ಮ ಅಡ್ಡಾ ಹತ್ರ ಬಿಡು, ನನ್ನ ಮಗಳೂ ಅಲ್ಲೇ ಇರ್ತಾಳೆ" ಅಂದವರು ಖಾಲಾ. ಅಡ್ಡಾದ ಕೆಳಗೆ ತೂರಿಕೊಂಡು ನಾವು ಕಾಪಿ ಬರೆದದ್ದು, ಮೇಲಿನಿಂದ ಮಣಿ ಉದುರಿದರೆ ಹೆಕ್ಕಿ ಕೊಟ್ಟದ್ದು, ನಿಮ್ಮ ಮನೆಯ ಖಿಚಡಿ ನನಗೆ, ನಮ್ಮಮ್ಮನ ಮುದ್ದೆ ನಿನಗೆ. ಆಮೇಲೆ ಖಾಲಾ ನಮ್ಮಿಬ್ಬರ ಕೈಗೂ ಖಾಕಾ ಚುಚ್ಚುವ ಸೂಜಿ ಕೊಟ್ಟರು. ಬಟರ್ ಪೇಪರಿನ ಮೇಲೆ ಅವರು ಪೆನ್ಸಿಲಿನಲ್ಲಿ ಬಿಡಿಸುವುದು, ಗೆರೆಯ ಉದ್ದಕ್ಕೂ ನಾವು ತೂತು ಹಾಕುವುದು. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿ ಒರೆಸಿ ಕಾಗದ ಎತ್ತಿದರೆ ಕೆಳಗೆ ಚುಕ್ಕಿ ಚುಕ್ಕಿಯಾಗಿ ಬಳ್ಳಿ ಕಾಣಿಸುತ್ತಿತ್ತು. ಪ್ರತಿಸಲವೂ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಆ ವಾಸನೆ ಈಗಲೂ ಎಲ್ಲಾದರೂ ಬಂದರೆ ನನಗೆ ಹಸಿವಾಗುತ್ತದೆ.

ಏಳನೇ ಕ್ಲಾಸಿನಲ್ಲಿ ನಾಗರತ್ನಾ ಟೀಚರಿಗೆ ವರ್ಗವಾಯಿತಲ್ಲ. ಅವರಿಗೆ ಶಾಲು ಕೊಡೋಣ ಅಂತ ಖಾಲಾ ಹೊಸ ಬಳ್ಳಿ ಬಿಡಿಸಿದರು. ಚುಚ್ಚುವ ಕೆಲಸ ನನಗೇ ಬೇಕು ಅಂತ ನಿನ್ನ ಜೊತೆ ಜಗಳವಾಡಿ ಕಿತ್ತುಕೊಂಡೆ. ಕಿತ್ತುಕೊಂಡವಳು ಸರಿಯಾಗಿ ಮಾಡಿದೆನಾ? ಎಲ್ಲ ಎಲೆಯೂ ಮೇಲೆ ನೋಡಬೇಕಿದ್ದ ಕಡೆ ಒಂದನ್ನು ತಲೆಕೆಳಗಾಗಿ ಚುಚ್ಚಿಬಿಟ್ಟೆ. ಚುಚ್ಚಿದ ತೂತು ಮುಚ್ಚಲು ಬರುವುದಿಲ್ಲ. ನಾನು ಗೊಳೋ ಅಂತ ಅತ್ತೆ. ಖಾಲಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಅಳ್ಬೇಡ ಬೇಟಾ. ಬಳ್ಳಿ ಅಂದ್ಮೇಲೆ ಒಂದೆಲೆ ಕೆಳ್ಗೆ ನೋಡ್ಲೇಬೇಕು" ಅಂದರು. ಅವತ್ತಿನಿಂದ ಅದಕ್ಕೆ 'ಯಮುನಾ ಪತ್ತಾ', ಯಮುನಾ ಎಲೆ, ಅಂತ ಹೆಸರು. ಎಷ್ಟು ಸಲ ಆ ಬಳ್ಳಿ ಹಾಕಿದರೂ ಅವರು ಆ ಎಲೆಯನ್ನು ತಿದ್ದಲಿಲ್ಲ.

ಆ ಖಾಕಾವೇ ಈ ಕವರಿನಲ್ಲಿರುವುದು.

೨೦೧೬ರ ಮಳೆಯಲ್ಲಿ ಅಂಗಡಿಗೆ ಮೊಳಕಾಲುದ್ದ ನೀರು ನುಗ್ಗಿ ಟ್ರಂಕು ನೆನೆಯಿತಲ್ಲ, ಆಗ ಖಾಕಾಗಳನ್ನು ಟ್ರಂಕಿನ ಸಮೇತ ಆಟೋದಲ್ಲಿ ನಮ್ಮನೆಗೆ ತಂದು ಒಣಗಿಸಿದೆ. ಒಣಗಿದ್ದನ್ನು ಹಾಗೇ ಕೊಟ್ಟರೆ ಇನ್ನೊಂದು ಮಳೆಗೆ ಹಾಳಾಗುತ್ತವೆ, ಸ್ಕ್ಯಾನ್ ಮಾಡಿಟ್ಟರೆ ಯಾವತ್ತೂ ಹೋಗುವುದಿಲ್ಲ ಅಂತ ನಾನೇ ಹೇಳಿದೆ. ಅಷ್ಟು ದೊಡ್ಡ ಕಾಗದ ಹಿಡಿಯುವ ಸ್ಕ್ಯಾನರ್ ಇದ್ದದ್ದು ಇಂದಿರಾನಗರದ ನಮ್ಮ ಆಫೀಸಿನಲ್ಲಿ ಮಾತ್ರ. ಖಾಲಾ ನನ್ನ ತಲೆ ಸವರಿ, ಓದಿದ ಮಗಳೊಬ್ಬಳು ಮನೆಗಿರಬೇಕು ಅಂದರು. ಆಣೆ ಮಾಡಿ ಹೇಳುತ್ತೇನೆ ಆತಿಕಾ, ಆವತ್ತು ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ನಮ್ಮ ಕಂಪನಿಯ ಕೆಲಸ ನಿನಗೆ ಗೊತ್ತೇ ಇದೆ. ಚಿತ್ರವನ್ನು ಎಂಬ್ರಾಯಿಡರಿ ಮಿಷನ್ನಿಗೆ ಅರ್ಥವಾಗುವ ಫೈಲು ಮಾಡಿ, ಪ್ರಪಂಚದಲ್ಲಿ ಯಾರು ಕೇಳಿದರೂ ಮಾರುವುದು. ಇಲ್ಲಿ ಗುಂಡಿ ಒತ್ತಿದರೆ ಸಂಜೆಯೊಳಗೆ ಎಲ್ಲೋ ಇಪ್ಪತ್ತು ಸೂಜಿ ಒಟ್ಟಿಗೆ ಅದೇ ಹೂವು ಹೊಲಿಯುತ್ತವೆ. ಆ ವರ್ಷ ಚೀನಾದವರು ನಮಗಿಂತ ಬೇಗ, ನಮಗಿಂತ ಅಗ್ಗವಾಗಿ ಫೈಲು ಮಾಡತೊಡಗಿದ್ದರು. ಮೀಟಿಂಗಿನಲ್ಲಿ 'ಸ್ಪರ್ಧೆ' ಅನ್ನುವ ಮಾತನ್ನು ಉಪ್ಪಿನ ಹಾಗೆ ಎಲ್ಲದಕ್ಕೂ ಉದುರಿಸುತ್ತಿದ್ದರು. ನಮ್ಮ ಬಾಸ್ ಸುಗತ ಸರ್, "ಬೆಲೆಯಲ್ಲಿ ಅವರನ್ನ ಗೆಲ್ಲೋಕಾಗಲ್ಲ, ಹೊಸತನದಲ್ಲಿ ಗೆಲ್ಬೇಕು. ಹೊಸದು ಅಂದ್ರೆ ಪ್ರಪಂಚದ ಯಾವ ಕಂಪ್ಯೂಟರಲ್ಲೂ ಇಲ್ದೇ ಇರೋದು" ಅಂದರು. ಹತ್ತು ಜನ ಡಿಸೈನರುಗಳು ಇಂಟರ್ನೆಟ್ಟಿನಲ್ಲಿ ಹೊಸದನ್ನು ಹುಡುಕುತ್ತಾ ಕೂತೆವು. ಅಲ್ಲಿ ಸಿಕ್ಕಿದ್ದು ಹೊಸದಾಗಿರುವುದು ಹೇಗೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಯಾವ ಕಂಪ್ಯೂಟರಿನಲ್ಲೂ ಇಲ್ಲದ್ದು ಖಾಲಾ ಅವರ ತಗಡಿನ ಟ್ರಂಕಿನಲ್ಲಿತ್ತು, ಆ ಟ್ರಂಕು ನನ್ನ ಮೇಜಿನ ಕೆಳಗಿತ್ತು.

ಸ್ಕ್ಯಾನ್ ಆದದ್ದನ್ನು ಪರದೆಯ ಮೇಲೆ ತೆರೆದಿಟ್ಟಿದ್ದೆ. ಹಿಂದಿನಿಂದ ಹೋಗುತ್ತಿದ್ದ ಸುಗತ ಸರ್ ನಿಂತು ನೋಡಿದರು. ಯಾರದು ಅಂತ ಕೇಳಿದರು. ನಾನು ಸುಮ್ಮನಿದ್ದದ್ದಕ್ಕೆ ಅವರು ನನ್ನದೇ ಅಂತ ತಿಳಿದುಕೊಂಡರು. ಅಲ್ಲಿಂದ ಮುಂದೆ ಎಲ್ಲ ನನ್ನ ಕೈ ಮೀರಿ ಹೋಯಿತು.

ಬಳ್ಳಿಯನ್ನು ಮಿಷನ್ನಿಗೆ ಹಾಕುವಾಗ ಆ ಎಲೆ ಪರದೆಯ ತುಂಬ ದೊಡ್ಡದಾಗಿ ಕಂಡಿತು. ಒಂದು ಗುಂಡಿ ಒತ್ತಿದ್ದರೆ ನೆಟ್ಟಗಾಗುತ್ತಿತ್ತು. ಒತ್ತಲಿಲ್ಲ. ಇಡೀ ಟ್ರಂಕಿನಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಖಾಕಾಗಳನ್ನು ವಾಪಸು ಕೊಟ್ಟಾಗ ಅದೊಂದನ್ನು ಕೊಡಲಿಲ್ಲ. ಯಾಕೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಖಾಲಾ ಕೇಳಲಿಲ್ಲ. ನೆನಪಿನಿಂದಲೇ ಬಳ್ಳಿಯನ್ನು ಮತ್ತೆ ಬಿಡಿಸಿದರು, ಕೆಳಗೆ ನೋಡುವ ಎಲೆಯ ಸಮೇತ.

೨೦೧೭ರಲ್ಲಿ ನನಗೆ ವರ್ಷದ ಹೊಸತನದ ಪ್ರಶಸ್ತಿ ಬಂತು. ಗಾಜಿನ ಒಂದು ದಿಮ್ಮಿ, ಅದರಲ್ಲಿ ನನ್ನ ಹೆಸರು. ಪೇಪರಿನಲ್ಲಿ ನನ್ನ ಫೋಟೊ, ಪಕ್ಕದಲ್ಲಿ ಮಿಷನ್ ಹೊಲಿದ ಬ್ಲೌಸು. ನೀನು ಆಗ ಕೆ.ಆರ್.ಪುರದಲ್ಲಿ ಬಾಣಂತಿ, ಪೇಪರ್ ನೋಡಿರಲಿಲ್ಲ. ಖಾಲಾ ಗಲ್ಲಿಯ ಮನೆಮನೆಗೂ ಮಿಠಾಯಿ ಹಂಚಿದರು. ಹೂವಿನ ಸಾಲಿನಲ್ಲಿ ನಮ್ಮಮ್ಮನ ಬಾಯಿಗೆ ತಾವೇ ಒಂದು ಜಿಲೇಬಿ ಇಟ್ಟು, "ನಮ್ಮ ಹುಡ್ಗಿ ಹೆಸ್ರು ತಂದ್ಲು" ಅಂದರಂತೆ. ಅಮ್ಮ ಅದನ್ನು ಸಾಯುವವರೆಗೂ ಹೇಳಿಕೊಂಡು ತಿರುಗಿದಳು. ಉಂಡ ಮನೆಯ ಗಳ ಎಣಿಸಿದವಳು ನಾನು, ಆ ಮನೆಯವರೇ ನನಗೆ ಮಿಠಾಯಿ ಹಂಚಿದರು.

ಮಾರನೆಯ ವರ್ಷ ನಾವಿಬ್ಬರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆವಲ್ಲ. ಅಂಗಡಿಯೊಂದರ ಗಾಜಿನ ಹಿಂದೆ ನೇತುಹಾಕಿದ್ದ ಬ್ಲೌಸು ನೋಡಿ ನೀನು ನಿಂತೆ. "ಇದು ಅಮ್ಮೀ ಬಳ್ಳಿ ಥರಾನೇ ಇದೆ ಕಣೇ" ಅಂದೆ. ನಾನು ನಿನ್ನ ಕೈ ಹಿಡಿದು ಎಳೆದು, "ಬಳ್ಳಿ ಎಲ್ಲಾ ಒಂದೇ ಥರ ಇರುತ್ತೆ, ಬಾ, ಪಾನಿಪುರಿ ತಿನ್ನೋಣ" ಅಂದೆ. ನೀನು ನಂಬಿ ಬಂದೆ. ಎಂಟು ವರ್ಷದಲ್ಲಿ ನನ್ನನ್ನು ಹೆಚ್ಚು ಚುಚ್ಚಿರುವುದು ಆ ಪಾನಿಪುರಿ.

ಅಗ್ಗದ ಮಿಷನ್ ಬ್ಲೌಸುಗಳು ಬಂದು ಖಾಲಾಗೆ ಇಲ್ಲಿನ ಗಿರಾಕಿಗಳು ಕಡಿಮೆಯಾದರು. ಆಗ ನೀನು ಸುಮ್ಮನೆ ಕೂರಲಿಲ್ಲ. ಕೈಕೆಲಸಕ್ಕೆ ಬೆಲೆ ಕೊಡುವವರು ಬೇರೆ ದೇಶದಲ್ಲಿದ್ದಾರೆ ಅಂತ ಹುಡುಕಿ, ಫೋಟೊ ತೆಗೆಯುವುದು ಕಲಿತು, ಇಂಗ್ಲಿಷಿನಲ್ಲಿ ಬರೆಯುವುದು ಕಲಿತು, ಖಾಲಾ ಅವರನ್ನು ಆ್ಯಪ್‌ನಲ್ಲಿ ಕೂರಿಸಿದೆ. ನಾನು ಹತ್ತು ವರ್ಷ ಮೀಟಿಂಗಿನಲ್ಲಿ ಕೇಳಿದ ಹೊಸತನವನ್ನೆಲ್ಲ ಒಂದು ಕಡೆ ಇಟ್ಟು, ನೀನು ಮಾಡಿದ್ದನ್ನು ಇನ್ನೊಂದು ಕಡೆ ಇಟ್ಟರೆ ನಿನ್ನದೇ ತೂಕ. ಆ ಗಾಜಿನ ದಿಮ್ಮಿ ನಿನಗೆ ಸಿಗಬೇಕಿತ್ತು.

ಈ ಆಗಸ್ಟಿನಲ್ಲಿ ಆದದ್ದು ಇಷ್ಟು. ನಮ್ಮ ಫೈಲುಗಳನ್ನು ಹೊರದೇಶದವರು ಕದ್ದು ಮಾರುತ್ತಿದ್ದಾರೆ, ಅದನ್ನು ತಡೆಯಬೇಕು ಅಂತ ಕಂಪನಿ ಒಂದು ಹೊಸ ವ್ಯವಸ್ಥೆಗೆ ಸೇರಿತು. ನಮ್ಮ ಚಿತ್ರಗಳನ್ನು ಕೊಟ್ಟರೆ ಸಾಕು, ಅದು ಲೋಕದ ಅಂಗಡಿಗಳನ್ನೆಲ್ಲ ತಡಕಿ, ಹೋಲುವುದು ಕಂಡರೆ ಆ ಸಿಂಗಪುರದ ವಕೀಲರ ಹೆಸರಿನಲ್ಲಿ ತಾನೇ ದೂರು ಹಾಕುತ್ತದೆ. ಯಾವ ಯಾವ ಚಿತ್ರ ಕೊಡಬೇಕು ಅಂತ ಆರಿಸಬೇಕಾದವಳು ವಿನ್ಯಾಸ ವಿಭಾಗದ ಮುಖ್ಯಸ್ಥೆ, ಅಂದರೆ ನಾನು. ನಾಲ್ಕು ಸಾವಿರ ಚಿತ್ರಗಳಿದ್ದವು. ಒಂದೊಂದಾಗಿ ನೋಡುವ ಪುರಸೊತ್ತು ಯಾರಿಗಿದೆ ಅಂತ ಎಲ್ಲವನ್ನೂ ಒಂದೇ ಸಲ ಟಿಕ್ ಮಾಡಿ ಕಾಫಿ ಕುಡಿಯಲು ಹೋದೆ. ಮೂರು ತಿಂಗಳು ತಡಕಿ ತಡಕಿ ಆ ಮಿಷನ್ನಿನ ಕಣ್ಣು ಬಂದು ನಿಂತದ್ದು ಖಾಲಾ ಅಡ್ಡಾದ ಮೇಲೆ. ಕದ್ದವಳ ದೂರಿನ ಮೇಲೆ ಕಳಕೊಂಡವರನ್ನು ಹಿಡಿಯಿತು.

ಈಗ ಪುರಾವೆಯ ಮಾತು. ದೂರಿನ ಜೊತೆ ನಿನಗೆ ಬಂದ ಚಿತ್ರ ಉಗುರಿನಷ್ಟು ಚಿಕ್ಕದು. ನಾನು ದೊಡ್ಡದು ಮಾಡಿ ಹೇಳಿಕೆಗೆ ಅಂಟಿಸಿದ್ದೇನೆ, ಕೆಳಗೆ ನೋಡುವ ಎಲೆ ಎಂಥವರಿಗೂ ಕಾಣುತ್ತದೆ. ಫೋಟೊದಲ್ಲಿ ನಾಗರತ್ನಾ ಟೀಚರ್ ನಮ್ಮಿಬ್ಬರ ನಡುವೆ ಶಾಲು ಹೊದ್ದು ನಿಂತಿದ್ದಾರೆ. ಅವರ ಎಡ ಹೆಗಲ ಮೇಲೆ ಅದೇ ಎಲೆ ಇದೆ. ಹಿಂದಿನ ಕರಿಹಲಗೆಯಲ್ಲಿ 'ಬೀಳ್ಕೊಡುಗೆ, ೨೦೦೩' ಅಂತ ನಿನ್ನ ಮುದ್ದಾದ ಅಕ್ಷರದಲ್ಲಿ ಬರೆದಿದೆ. ಹೇಳಿಕೆಯಲ್ಲಿ ಫೈಲು ಮಾಡಿದವಳು ನಾನು, ಚಿತ್ರ ಇಮಾಮ್ ಬೀ ಅವರದು, ಕೇಳದೆ ತೆಗೆದುಕೊಂಡೆ ಅಂತ ಬರೆದು ಸಹಿ ಹಾಕಿದ್ದೇನೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಪ್ಪಾಗಿ ಚುಚ್ಚಿದ್ದು ಮಿಷನ್ನಿಗೆ ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಕಂಪನಿಯವರ ಹತ್ತಿರ ಉತ್ತರ ಇರುವುದಿಲ್ಲ.

ಹೇಳಿಕೆಯ ಇನ್ನೊಂದು ಪ್ರತಿಯನ್ನು ನಾಳೆ ಸುಗತ ಸರ್ ಮೇಜಿನ ಮೇಲೆ ಇಡುತ್ತೇನೆ. ಕೆಲಸ ಹೋಗುತ್ತದೆ, ಕೋರ್ಟಿಗೂ ಎಳೆಯಬಹುದು. ಅದರ ಬಗ್ಗೆ ನೀನು ಮರುಗಬೇಡ, ಮರುಗಿದರೆ ನನಗೆ ಇನ್ನೂ ಕಷ್ಟ. ನನ್ನನ್ನು ಕ್ಷಮಿಸು ಅಂತಲೂ ಕೇಳುತ್ತಿಲ್ಲ.

ಕೇಳುವುದು ಒಂದೇ. ಖಾಲಾಗೆ ನನ್ನ ಹೆಸರು ಹೇಳಬೇಡ. ಯಾರೋ ತಿಳಿದವರು ಸಹಾಯ ಮಾಡಿದರು ಅನ್ನು. ಅಮ್ಮ ಹೋದ ಮೇಲೆ ನನಗೆ ಬೇಟಾ ಅನ್ನುವವರು ಅವರೊಬ್ಬರೇ. ಇದೂ ಸ್ವಾರ್ಥವೇ, ಗೊತ್ತಿದೆ. ಇದಿಷ್ಟು ಸ್ವಾರ್ಥವನ್ನು ನನಗೆ ಬಿಟ್ಟುಕೊಡು.

ಒಂದು ಕಾಲದಲ್ಲಿ ನಿನ್ನ ಬೆಂಚಿನ ಎಡಗಡೆ ಕೂರುತ್ತಿದ್ದ,
ಯಮುನಾ

ತಾ.ಕ.: ಸೋಮವಾರ, ಬೆಳಿಗ್ಗೆ ಹತ್ತೂವರೆ. ಅಂಚೆಯಲ್ಲಿ ಹಾಕಿದರೆ ತಡವಾಗುತ್ತದೆ ಅಂತ, ಆಫೀಸಿಗೆ ಹೋಗುವ ಮುಂಚೆ ಕವರು ನಿನ್ನ ಕೈಗೇ ಕೊಡೋಣ ಅಂತ ಬಂದೆ. ನೀನು ವಕೀಲರ ಹತ್ತಿರ ಹೋಗಿದ್ದೀಯಂತೆ. ಖಾಲಾ ಒಬ್ಬರೇ ಇದ್ದರು. ಕೆಲಸ ನಿಂತ ಅಡ್ಡಾದ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ.

ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಸುಗತ ಸರ್ ನನ್ನ ಹಿಂದಿನಿಂದ ಹೋಗಲಿಲ್ಲ, ಪರದೆಯನ್ನು ಯಾರೂ ನೋಡಲಿಲ್ಲ. ಆ ವರ್ಷ ತೆಗೆದುಹಾಕುವವರ ಪಟ್ಟಿಯಲ್ಲಿ ನನ್ನ ಹೆಸರಿದೆ ಅಂತ ಸುದ್ದಿ ಇತ್ತು. ನಾನೇ ಪ್ರಿಂಟು ತೆಗೆದುಕೊಂಡು ಅವರ ಬಾಗಿಲು ತಟ್ಟಿದೆ. ಯಾರದು ಅಂತ ಕೇಳಿದಾಗ ಸುಮ್ಮನಿರಲಿಲ್ಲ, ನನ್ನದು ಸರ್ ಅಂದೆ.

ಖಾಲಾಗೆ ಹೇಳಬೇಡ ಅಂತ ಬರೆದದ್ದನ್ನೂ ಹೊಡೆದು ಹಾಕು. ಕವರಿನೊಳಗೆ ಏನು ಅಂತ ಕೇಳಿದರು. ಖಾಕಾ ತೆಗೆದು ಕೊಟ್ಟೆ. ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ, ಬೆರಳಿನಲ್ಲಿ ತೂತುಗಳನ್ನು ಸವರುತ್ತಾ ಹೋಗಿ ಆ ಎಲೆಯ ಮೇಲೆ ನಿಲ್ಲಿಸಿದರು. "ಪೇಪರ್ ಫೋಟೋದಲ್ಲಿ ನೋಡಿದ್ನಲ್ಲ ಬೇಟಾ, ಆವತ್ತೇ ಗೊತ್ತಾಯ್ತು" ಅಂದರು. ಗೊತ್ತಿದ್ದೂ ಮಿಠಾಯಿ ಹಂಚಿದಿರಾ ಅಂದೆ. "ನಿಮ್ಮಮ್ಮ ಅಷ್ಟು ಖುಷಿಯಾಗಿದ್ಲು, ಏನ್ಮಾಡ್ಲಿ" ಅಂದರು. ನಿನಗೆ ಟ್ರಂಕಿನ ಬೀಗದಕೈ ಕೊಡದಿದ್ದದ್ದು ಸೋತುಹೋಗಿ ಅಲ್ಲ ಆತಿಕಾ. ಹಳೆಯದು ಕೆದಕಿದರೆ ನಾನು ಸಿಕ್ಕಿಬೀಳುತ್ತೇನೆ ಅಂತ.

ಆಮೇಲೆ ಖಾಕಾವನ್ನು ಮಡಿಚುತ್ತಾ, ಕೋಪವೇ ಇಲ್ಲದೆ ಒಂದು ಮಾತು ಕೇಳಿದರು. "ನೀನು ಬಂದಾಗೆಲ್ಲ ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ ಕಾದೆ. ಕೇಳಿದ್ರೆ ನಾನು ಇಲ್ಲ ಅಂತಿದ್ನಾ ಬೇಟಾ?"

ನೀನು ಬರುವಷ್ಟರಲ್ಲಿ ಎದ್ದು ಹೋಗಬೇಕು ಅಂದುಕೊಂಡಿದ್ದೆ. ಹೋಗುವುದಿಲ್ಲ. ಇದನ್ನು ಖಾಲಾ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಇಲ್ಲೇ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.